ಐದು ದೀಪದ ಹುಲಿ, ತಿರುಗುವ ಕೋವಿ

ಬಹಳ ಬಹಳ ಹಿಂದೆ, ಹುಲಿಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ಗುಡುಗುಗಿರಿ ಎಂಬ ಒಂದು ರಾಜ್ಯವಿತ್ತು. ಅದನ್ನು ಸಾರಂಗಭೂಪನೆಂಬ ದೊರೆ ಆಳುತ್ತಿದ್ದ. ದೊರೆ ಒಳ್ಳೆಯವನೇ. ಊಟ ತಡವಾದರೆ ಸಿಡುಕುತ್ತಿದ್ದ, ಹೊಗಳಿದರೆ ಉಬ್ಬುತ್ತಿದ್ದ, ಅಷ್ಟು ಬಿಟ್ಟರೆ ಪ್ರಜೆಗಳಿಗೆ ಅವನಿಂದ ತೊಂದರೆ ಇರಲಿಲ್ಲ. ಆದರೆ ಗುಡುಗುಗಿರಿಯ ಹೆಸರು ಸುತ್ತಲ ನಾಡುಗಳಲ್ಲಿ ಹರಡಿದ್ದು ದೊರೆಯಿಂದಲ್ಲ, ಕೋಟೆಯ ಹಿಂದಿದ್ದ ಕೋವಿಕೇರಿಯಿಂದ.

ಕೋವಿಕೇರಿಯಲ್ಲಿ ಮನೆಗೊಂದು ಕುಲುಮೆ. ಗಂಡಸರು ಕಬ್ಬಿಣ ಕಾಯಿಸಿ ಕೋವಿ ಮಾಡುತ್ತಿದ್ದರು, ಹೆಂಗಸರು ಅದನ್ನು ಹೊಡೆದು ನೋಡುತ್ತಿದ್ದರು. ಅದು ಕೇರಿಯ ಕಟ್ಟಳೆ. ಹೊಸ ಕೋವಿಯ ಮೊದಲ ಗುಂಡನ್ನು ಮಾಡಿದವನ ಮನೆಯ ಹೆಂಗಸೇ ಹಾರಿಸಬೇಕು. ಹೆಂಡತಿಯ ಕೈಗೆ ಕೊಡಲು ಹೆದರುವ ಕೋವಿಯನ್ನು ದೊರೆಯ ಕೈಗೆ ಹೇಗಪ್ಪಾ ಕೊಡುತ್ತೀಯ ಎಂದು ಹಿರಿಯರು ಕೇಳುತ್ತಿದ್ದರು. ಹೀಗಾಗಿ ಆ ಕೇರಿಯ ಕೋವಿಗಳು ಒಡೆಯುತ್ತಿರಲಿಲ್ಲ, ಹೆಂಗಸರ ಗುರಿ ತಪ್ಪುತ್ತಿರಲಿಲ್ಲ.

ಇನ್ನೊಂದು ಕಟ್ಟಳೆಯೂ ಇತ್ತು. ಮದ್ದು ಸುರಿದು ಗುಂಡು ಜಡಿದ ಮೇಲೆ ಕೋವಿಯ ಬಾಯಿಗೆ ಒಂದು ಚಿಟಿಕೆ ಮದ್ದು ಉದುರಿಸಿ, "ಕೆಂಡಮ್ಮಾ, ಇದು ನಿನ್ನ ಪಾಲು" ಎನ್ನಬೇಕು. ಕೆಂಡಮ್ಮ ಎಂದರೆ ಬೆಂಕಿಯ ತಾಯಿ. ಅವಳಿಗೆ ಬಡಿಸದೆ ಕೋವಿ ಹಾರಿಸಿದವರನ್ನು ಕೇರಿ ಕಂಡಿರಲಿಲ್ಲ.

ಆ ಕಾಲದ ಕೋವಿಯಾದರೋ ಒಂದೇ ಮಾತಿನದು. ನಳಿಗೆಗೆ ಮದ್ದು ಸುರಿಯಬೇಕು, ಗುಂಡು ಇಳಿಸಬೇಕು, ಗಜವೆಂಬ ಉದ್ದ ಸರಳಿನಿಂದ ಜಡಿಯಬೇಕು, ಹಿಂಬದಿಯ ಸಣ್ಣ ತೂತಿಗೆ ಉರಿಯುವ ಬತ್ತಿ ಮುಟ್ಟಿಸಬೇಕು. ಢಂ! ಅಷ್ಟೇ. ಇನ್ನೊಂದು ಗುಂಡು ಬೇಕೆಂದರೆ ಮತ್ತೆ ಮೊದಲಿನಿಂದ ಶುರು. ಅಷ್ಟರಲ್ಲಿ ಎದುರಿಗಿದ್ದವನು ನಿಧಾನವಾಗಿ ಎಲೆಅಡಿಕೆ ಹಾಕಿಕೊಂಡು ಉಗಿದೂ ಬಿಡಬಹುದಿತ್ತು.

ಈ ಬಿಡುವನ್ನು ಚೆನ್ನಾಗಿ ತಿಳಿದಿದ್ದವನು ಬೂದಿರಾಯನೆಂಬ ಮಾಯಾವಿ. ಅವನು ಎಲ್ಲಿಂದಲೋ ಬಂದು ರಾಜ್ಯದ ಪಡುವಣ ಕಣಿವೆಯಲ್ಲಿ ಬೀಡುಬಿಟ್ಟ. ಸಮುದ್ರದ ಕಡೆಯಿಂದ ಉಪ್ಪಿನ ಎತ್ತುಗಳು ಬರುವ ದಾರಿ ಅದೊಂದೇ. ಅಲ್ಲಿ ಒಂದು ಹುಲಿಯನ್ನು ಕಾವಲಿಗಿಟ್ಟ. ಆ ಹುಲಿಯ ಮೈಮೇಲೆ ಐದು ದೀಪ ಉರಿಯುತ್ತಿದ್ದವು. ಹಣೆಯಲ್ಲೊಂದು, ಕೊರಳಲ್ಲೊಂದು, ಎದೆಯಲ್ಲೊಂದು, ಹೊಟ್ಟೆಯಲ್ಲೊಂದು, ಬಾಲದ ಬುಡದಲ್ಲೊಂದು. ಒಂದು ದೀಪಕ್ಕೆ ಗುಂಡು ತಾಗಿದರೆ ಅದು ಆರುತ್ತಿತ್ತು. ಕೋವಿಗೆ ಮತ್ತೆ ಮದ್ದು ತುಂಬುವಷ್ಟರಲ್ಲಿ ಹೊತ್ತಿಕೊಳ್ಳುತ್ತಿತ್ತು.

"ನನ್ನ ಕಟ್ಟು ಕೇಳಿ," ಎಂದಿತು ಹುಲಿ, ಮೊದಲ ದಿನವೇ. "ಒಬ್ಬರಿಗೆ ಮೂರು ಸಲ, ಸಲಕ್ಕೆ ಒಂದೇ ಕೋವಿ. ಐದು ದೀಪವನ್ನೂ ಆರಿಸಿದರೆ ದಾರಿ ನಿಮ್ಮದು. ಮೂರನೆಯ ಸಲವೂ ಸೋತರೆ ನಿಂತಲ್ಲೇ ಕಲ್ಲು."

ದೊರೆಯ ಕೋವಿಕಾರರು ಒಬ್ಬೊಬ್ಬರಾಗಿ ಹೋದರು, ಒಬ್ಬೊಬ್ಬರಾಗಿ ಕಲ್ಲಾದರು. ಕೊನೆಗೆ ಹೋದವನು ಕೋವಿಕೇರಿಯ ಬೊಮ್ಮಾಚಾರಿ. ಅವನಷ್ಟು ಬೇಗ ಮದ್ದು ತುಂಬುವವನು ಇನ್ನೊಬ್ಬನಿರಲಿಲ್ಲ. ಅವನು ಎರಡನೆಯ ದೀಪದವರೆಗೂ ಮುಟ್ಟಿದ. ಮೂರನೆಯ ಸಲ ಗಜ ಹಿಡಿದ ಕೈ ಹಾಗೆಯೇ ಗಟ್ಟಿಯಾಯಿತು, ಆಮೇಲೆ ತೋಳು, ಆಮೇಲೆ ಮುಖ.

ಬೊಮ್ಮಾಚಾರಿಯ ಹೆಂಡತಿ ಮಾಳವ್ವ. ಸುದ್ದಿ ಬಂದಾಗ ಅವಳು ಅಳಲಿಲ್ಲ, ಒಲೆಯ ಮುಂದೆ ಕೂತೇ ಇದ್ದಳು. ಆಗ ಬೂದಿರಾಯ ಕಣಿವೆಯ ಬಂಡೆಯ ಮೇಲೆ ನಿಂತು ಕೂಗಿದ್ದು ಇಡೀ ರಾಜ್ಯಕ್ಕೆ ಕೇಳಿಸಿತು.

"ಅಯ್ಯಾ ದೊರೆ, ಸಿಂಹಾಸನ ಬಿಟ್ಟು ಬಂದು ನನ್ನ ಕಾಲು ಹಿಡಿ! ನಿನ್ನ ಆಳುಗಳು ಸತ್ತಿಲ್ಲ, ಕಲ್ಲಾಗಿದಾರೆ ಅಷ್ಟೇ. ಆದ್ರೆ ಮಳೆಗಾಲ ಹಿಡಿದು ಪಾಚಿ ಕಟ್ತು ಅಂದ್ರೆ ಮುಗೀತು. ಪಾಚಿ ಕಟ್ಟಿದ ಕಲ್ಲಿಗೆ ಜೀವ ಬರಲ್ಲ!"

ಮಾಳವ್ವ ಎದ್ದಳು. ಮಾವ ವೀರಾಚಾರಿ ಕುಲುಮೆಯ ಮುಂದೆ ತಲೆಯ ಮೇಲೆ ಕೈಹೊತ್ತು ಕೂತಿದ್ದ.

"ಮಾವಯ್ಯ, ಮಳೆಗೆ ಇನ್ನೂ ಹೊತ್ತಿದೆ," ಎಂದಳು. "ಕೋವಿ ಬೇಗ ತುಂಬಿದ್ರೆ ಪ್ರಯೋಜನ ಇಲ್ಲ. ತುಂಬದೇನೇ ಐದು ಸಲ ಹಾರೋ ಕೋವಿ ಬೇಕು. ನಾವು ಮಾಡೋಣ."

"ಹುಚ್ಚೇನವ್ವ ನಿನಗೆ? ನಮ್ಮಪ್ಪ ಮಾಡ್ಲಿಲ್ಲ, ನಮ್ಮ ತಾತ ಮಾಡ್ಲಿಲ್ಲ."

"ಅವರ ಮಗ ಕಲ್ಲಾಗಿರ್ಲಿಲ್ಲವಲ್ಲ ಮಾವಯ್ಯ."

ಮುದುಕ ಎದ್ದು ತಿದಿ ಒತ್ತಿದ.

ಮೊದಲನೆಯ ಸಲ ಅವರು ಐದು ನಳಿಗೆಗಳನ್ನು ಕಬ್ಬಿನ ಕಂತೆಯಂತೆ ಒಟ್ಟಿಗೆ ಕಟ್ಟಿದರು. ಒಂದಾದ ಮೇಲೊಂದಕ್ಕೆ ಬತ್ತಿ ಮುಟ್ಟಿಸಿದರಾಯಿತು ಎಂಬುದು ಲೆಕ್ಕ. ಮಾಳವ್ವ ಒಂದೊಂದು ನಳಿಗೆಯನ್ನೂ ಬೇರೆ ಬೇರೆಯಾಗಿ ಹೊಡೆದು ನೋಡಿದಳು. ಐದೂ ಗಟ್ಟಿಯಾಗಿದ್ದವು. ವೀರಾಚಾರಿ ಐದು ಬಾಯಿಗೂ ಒಂದೊಂದು ಚಿಟಿಕೆ ಮದ್ದು ಉದುರಿಸಿ ಕೆಂಡಮ್ಮನಿಗೆ ಕೈಮುಗಿದ. ಮಾಳವ್ವ ಆ ಹೊರೆಯನ್ನು ಹೆಗಲಿಗೇರಿಸಿಕೊಂಡು ಕಣಿವೆಗೆ ಹೋದಳು.

"ಬಂದೆಯಾ?" ಎಂದಿತು ಹುಲಿ.

"ಬಂದೆ."

"ಹೊಡೆ."

ಮಾಳವ್ವ ಕೋವಿಯನ್ನು ಬಂಡೆಯ ಮೇಲಿಟ್ಟು, ಹಣೆಯ ದೀಪಕ್ಕೆ ಗುರಿಯಿಟ್ಟು, ಮೊದಲ ತೂತಿಗೆ ಬತ್ತಿ ಮುಟ್ಟಿಸಿದಳು. ಒಂದಲ್ಲ, ಐದು ನಳಿಗೆಯೂ ಒಟ್ಟಿಗೇ ಗುಡುಗಿದವು! ಐದು ಗುಂಡೂ ಒಂದೇ ದೀಪಕ್ಕೆ ಬಡಿದವು. ಮಾಳವ್ವ ಅಂಗಾತ ಬಿದ್ದಳು. ಅವಳು ಎದ್ದು ಸೆರಗು ಕೊಡವಿಕೊಳ್ಳುವಷ್ಟರಲ್ಲಿ ದೀಪ ಮತ್ತೆ ಹೊತ್ತಿಕೊಂಡಿತ್ತು.

"ಒಂದು ಸಲ ಆಯಿತು," ಎಂದು ಹುಲಿ ಆಕಳಿಸಿತು.

ಬೂದಿರಾಯ ಬಂಡೆಯ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಒಂದು ಸೊಳ್ಳೆಗೆ ಐದು ಏಟು ಹಾಕ್ದಂಗಾಯ್ತಲ್ಲೇ ತಾಯಿ!"

ಮಾಳವ್ವ ಕೋವಿಯನ್ನು ಹೆಗಲಿಗೇರಿಸಿದಳು. ಕಲ್ಲಾಗಿ ನಿಂತಿದ್ದ ಗಂಡನನ್ನು ದೂರದಿಂದಲೇ ಒಮ್ಮೆ ನೋಡಿ ಮನೆಗೆ ಬಂದಳು.

"ನಳಿಗೆಗಳು ಮೈಗೆ ಮೈ ಒತ್ತಿಕೊಂಡಿದ್ವು, ಅದಕ್ಕೇ ಬಿಸಿ ದಾಟಿದೆ," ಎಂದ ವೀರಾಚಾರಿ. ಹಾಗೆ ಅವನೊಬ್ಬನೇ ಅಲ್ಲ, ಇಡೀ ಕೇರಿ ಅಂದಿತು. ಮಾಳವ್ವನಿಗೂ ಸರಿ ಎನಿಸಿತು. ಹತ್ತು ಜನ ಒಟ್ಟಿಗೆ ತಪ್ಪು ಹೇಳಿದರೆ ಯಾರಿಗೆ ತಾನೇ ಸರಿ ಎನಿಸುವುದಿಲ್ಲ!

ಎರಡನೆಯ ಸಲ ಅವರು ಒಂದೇ ಉದ್ದನೆಯ ನಳಿಗೆ ಮಾಡಿದರು. ಅದರೊಳಗೆ ಮದ್ದು, ಗುಂಡು, ಅದರ ಮೇಲೆ ಮತ್ತೆ ಮದ್ದು, ಗುಂಡು, ಹೀಗೆ ಐದು ಸಲ ಒಂದರ ಮೇಲೊಂದು ತುಂಬಿದರು. ಪಕ್ಕದಲ್ಲಿ ಕೊಳಲಿನಂತೆ ಐದು ತೂತು ಕೊರೆದರು. ಮುಂದಿನ ಗುಂಡಿಗೆ ಮೊದಲು ಬೆಂಕಿ, ಆಮೇಲೆ ಅದರ ಹಿಂದಿನದಕ್ಕೆ, ಹೀಗೆ ಕೊನೆಯವರೆಗೆ. ವೀರಾಚಾರಿ ಪ್ರತಿ ಗುಂಡಿನ ಮೇಲೂ ತಪ್ಪದೆ ಚಿಟಿಕೆ ಮದ್ದು ಉದುರಿಸಿದ. ಆಕಾಶದಲ್ಲಿ ಮೋಡ ಕಾಣಿಸಿಕೊಂಡಿದ್ದರಿಂದ ಆತುರವಾಗಿತ್ತು. ಒಂದೇ ಗುಂಡು ತುಂಬಿ ನಳಿಗೆಯನ್ನು ಪರೀಕ್ಷಿಸಿ, ಐದು ತುಂಬಿಕೊಂಡು ಮಾಳವ್ವ ಹೊರಟುಬಿಟ್ಟಳು.

"ಬಂದೆಯಾ?" ಎಂದಿತು ಹುಲಿ.

"ಬಂದೆ."

"ಹೊಡೆ."

ಅವಳು ಮುಂದಿನ ತೂತಿಗೆ ಬತ್ತಿ ಮುಟ್ಟಿಸಿದಳು. ಬೆಂಕಿ ಮುಂದಕ್ಕೂ ಹೋಯಿತು, ಹಿಂದಕ್ಕೂ ಓಡಿತು. ಐದು ಪಾಲು ಮದ್ದೂ ಒಮ್ಮೆಗೇ ಹೊತ್ತಿ ನಳಿಗೆ ಬಾಳೆಹೂವಿನಂತೆ ಬಿರಿಯಿತು. ಮಾಳವ್ವ ಬದುಕಿದ್ದೇ ಹೆಚ್ಚು. ಅವಳ ಎರಡು ಹುಬ್ಬೂ ಸುಟ್ಟುಹೋಗಿದ್ದವು, ಹುಲಿಯ ದೀಪ ಒಂದೂ ಆರಿರಲಿಲ್ಲ.

"ಎರಡು ಸಲ ಆಯಿತು," ಎಂದಿತು ಹುಲಿ. ಆಮೇಲೆ ಸ್ವಲ್ಪ ಮೆಲ್ಲಗೆ, "ಮನೆಯಲ್ಲೇ ಇದ್ದುಬಿಡಮ್ಮ. ಕಲ್ಲಾಗುವುದು ಒಳ್ಳೆಯದಲ್ಲ," ಎಂದಿತು.

"ನನ್ನ ಗಂಡನ ಪಕ್ಕ ಜಾಗ ಖಾಲಿ ಇದೆಯಲ್ಲ," ಎಂದಳು ಮಾಳವ್ವ. "ಗೆದ್ರೆ ಅವರನ್ನ ಕರ್ಕೊಂಡು ಹೋಗ್ತೀನಿ. ಸೋತ್ರೆ ಅಲ್ಲೇ ನಿಂತ್ಕೊತೀನಿ. ಬರೋದಂತೂ ಬರ್ತೀನಿ."

ದಾರಿಯುದ್ದಕ್ಕೂ ಅವಳು ಯೋಚಿಸಿದಳು. ಅರಮನೆಯ ತೋಟದ ಹತ್ತಿರ ಬಂದಾಗ ಎತ್ತು ತಿರುಗಿಸುವ ನೀರಿನ ರಾಟೆ ಕಂಡಿತು. ರಾಟೆಯ ಸುತ್ತ ಗಡಿಗೆಗಳು. ಒಂದು ಗಡಿಗೆ ಮೇಲೆ ಬಂದು, ತೋಟಕ್ಕೆ ನೀರು ಹರಿಸುವ ಮರದ ದೋಣಿಗೆ ಸುರಿಯುತ್ತಿತ್ತು, ಅದು ಕೆಳಗಿಳಿದರೆ ಇನ್ನೊಂದು ಅದೇ ಜಾಗಕ್ಕೆ ಬಂದು ಸುರಿಯುತ್ತಿತ್ತು. ಗಡಿಗೆಗಳು ಹಲವು, ದೋಣಿ ಒಂದೇ. ಮಾಳವ್ವ ಅಲ್ಲೇ ನಿಂತುಬಿಟ್ಟಳು. ತೋಟದವನು ಇವಳಿಗೇನೋ ಗಾಳಿ ಸೋಕಿದೆ ಎಂದುಕೊಂಡ.

ಓಡಿಬಂದು, "ಮಾವಯ್ಯ, ನಳಿಗೆ ಒಂದೇ ಸಾಕು," ಎಂದಳು. "ಹಿಂದೆ ಒಂದು ಗುಂಡನೆ ಕಬ್ಬಿಣದ ರಾಟೆ ಕೂರಿಸೋಣ. ಅದರಲ್ಲಿ ಐದು ಗೂಡು. ಗೂಡಿಗೊಂದು ಗುಂಡು. ಒಂದು ಹಾರಿದ ಮೇಲೆ ರಾಟೆ ತಿರುಗಿಸಿದ್ರೆ ಇನ್ನೊಂದು ಗೂಡು ನಳಿಗೆಯ ಹಿಂದಕ್ಕೆ ಬರ್ಬೇಕು."

ವೀರಾಚಾರಿಯ ಕಣ್ಣು ಅರಳಿತು. ಒಂದು ಕೋವಿಗಾಗಿ ಆ ಮುದುಕ ಅಷ್ಟು ಸುತ್ತಿಗೆ ಬಡಿದದ್ದು ಜನ್ಮದಲ್ಲೇ ಇರಲಿಲ್ಲ. ರಾಟೆ ಆಯಿತು, ಗೂಡುಗಳಾದವು. ಹಿಂಬದಿಯಲ್ಲಿ ಪ್ರತಿ ಗೂಡಿನ ತೂತಿಗೂ ಬತ್ತಿ ಮುಟ್ಟಿಸುವ ಮದ್ದಿನ ಪುಟ್ಟ ಬಟ್ಟಲು, ಅದಕ್ಕೊಂದು ಜಾರುವ ಮುಚ್ಚಳ ಆಯಿತು. ಮುಚ್ಚಳ ಸರಿಸಿದರೆ ಮಾತ್ರ ಬತ್ತಿಯ ಬೆಂಕಿ ಒಳಕ್ಕೆ. ರಾಟೆ ಟಕ್ ಎಂದು ತಿರುಗುತ್ತಿತ್ತು, ಟಕ್ ಎಂದು ನಿಲ್ಲುತ್ತಿತ್ತು.

ಈ ಸಲ ಮಾಳವ್ವ ಆತುರಪಡಲಿಲ್ಲ. ಐದು ಗೂಡೂ ತುಂಬಿಯೇ ಪರೀಕ್ಷೆ ಎಂದಳು. ವೀರಾಚಾರಿ ಐದು ಗೂಡಿನ ಬಾಯಿಗೂ ಚಿಟಿಕೆ ಮದ್ದು ಉದುರಿಸಿ ಪಕ್ಕದಲ್ಲಿ ನಿಂತ. ಅವಳು ಬತ್ತಿ ಮುಟ್ಟಿಸಿದಳು. ಮೊದಲ ಗುಂಡು ನಳಿಗೆಯಲ್ಲಿ ಹೋಯಿತು. ಅದರ ಹಿಂದೆಯೇ ಉಳಿದ ನಾಲ್ಕೂ ದಾರಿ ಸಿಕ್ಕಿದ ಕಡೆ ಹಾರಿದವು. ಒಂದು ಮಾವನ ಪೇಟವನ್ನು ಹೊತ್ತುಕೊಂಡು ಹೋಯಿತು. ಅವನ ಎಡಗೈ ಸುಟ್ಟಿತು.

"ಸಾಕು ಬಿಡು ಮಗಾ," ಎಂದ ಮುದುಕ ನೆಲಕ್ಕೆ ಕುಸಿದು. "ಮಗ ಹೋದ. ನೀನಾದ್ರೂ ಉಳಿ."

ಮಾಳವ್ವ ಅವನ ಕೈಗೆ ಬೆಣ್ಣೆ ಹಚ್ಚಿದಳು. ಹಚ್ಚುತ್ತಲೇ ರಾಟೆಯನ್ನು ನೋಡಿದಳು. ಹಿಂಬದಿಯ ನಾಲ್ಕು ಮುಚ್ಚಳ ಮುಚ್ಚಿದ ಹಾಗೇ ಇದ್ದವು. ತೆಗೆದು ನೋಡಿದರೆ ಬಟ್ಟಲಿನ ಮದ್ದು ಅಲ್ಲಲ್ಲೇ ಉಳಿದಿತ್ತು. ಅಂದರೆ ಬೆಂಕಿ ಹಿಂದಿನಿಂದ ಹೋಗಿಲ್ಲ. ರಾಟೆಯ ಮುಂಬದಿ ನೋಡಿದಳು. ಐದು ಬಾಯಿಯ ಸುತ್ತಲೂ ಕಪ್ಪಾಗಿತ್ತು. ಒಂದು ಬಾಯಿಂದ ಇನ್ನೊಂದು ಬಾಯಿಗೆ ಕಪ್ಪಗಿನ ಗೆರೆ ಓಡಿತ್ತು.

ಬೆಣ್ಣೆಯ ಬೆರಳಿನಿಂದಲೇ ಆ ಗೆರೆಯನ್ನು ಮುಟ್ಟಿ ನೋಡಿದಳು.

"ಮಾವಯ್ಯ, ಬೆಂಕಿ ಮುಂದಿನಿಂದ ಬಂದಿದೆ. ನಳಿಗೆಗಳು ಒತ್ತಿಕೊಂಡದ್ದಕ್ಕಲ್ಲ. ನಾವೇ ಬಾಯಿಗೆ ಮದ್ದು ಉದುರಿಸಿ ದಾರಿ ಮಾಡಿಕೊಟ್ಟಿದೀವಿ. ಮೂರು ಸಲವೂ."

"ಕೆಂಡಮ್ಮನ ಚಿಟಿಕೆ ಅಂತೀಯ?" ಮುದುಕನ ಮುಖ ಕೆಂಪಾಯಿತು. "ನಾಲಿಗೆ ಬಿಗಿಹಿಡಿ ಮಾಳಿ! ನಮ್ಮ ಕುಲ ಹುಟ್ಟಿದಾಗಿಂದ ಅದು ನಡ್ಕೊಂಡು ಬಂದಿದೆ."

"ಒಂದೇ ಬಾಯಿಯ ಕೋವಿಗೆ ಅದು ಸರಿ. ಚಿಟಿಕೆಗೆ ಕಿಡಿ ತಾಗಿದ್ರೂ ಒಂದೇ ಗುಂಡು ಹಾರ್ಬೇಕು. ಇಲ್ಲಿ ಐದು ಬಾಯಿ ಅಕ್ಕಪಕ್ಕ ಕೂತಿವೆ. ಈ ಸಲ ಚಿಟಿಕೆ ಬೇಡ ಮಾವಯ್ಯ. ಬಾಯಿಗಳನ್ನ ಜೇನುಮೇಣದಿಂದ ಮುಚ್ಚೋಣ."

"ತಾಯಿಗೆ ಎಡೆ ಇಡದೆ ಬಾಯಿಗೆ ಮೇಣ ಮೆತ್ತೋದಾ? ನನ್ನ ಕೈಲಾಗಲ್ಲ."

"ಹಂಗಾದ್ರೆ ನಾನೇ ಮೆತ್ತುತೀನಿ. ಆದ್ರೆ ನೀವು ಒಪ್ಪದೆ ಈ ಮನೆ ಕೋವಿ ನಾನು ಎತ್ತಲ್ಲ," ಎಂದು ಮಾಳವ್ವ ಕೋವಿಯನ್ನು ಅವನ ಮುಂದಿಟ್ಟಳು.

ಮುದುಕ ಕುಲುಮೆಯ ಕೆಂಡವನ್ನೇ ನೋಡುತ್ತ ಕೂತ. ಕುಲದ ಕಟ್ಟಳೆ ಮುರಿದವನೆಂದು ಕೇರಿ ತನ್ನನ್ನು ಮಾತಾಡಿಸದೆ ಹೋಗಬಹುದು. ದೇವತೆ ಮುನಿಯಬಹುದು. ಆದರೆ ಕಣಿವೆಯಲ್ಲಿ ಗಜ ಹಿಡಿದು ನಿಂತಿದ್ದ ಮಗನ ಮೇಲೆ ಇನ್ನೇನು ಮಳೆ ಬೀಳಲಿತ್ತು. ಕೊನೆಗೆ ಎದ್ದ. ಒಂದು ಮುಷ್ಟಿ ಮದ್ದು ತೆಗೆದು ನೇರವಾಗಿ ಕುಲುಮೆಯ ಬೆಂಕಿಗೇ ಎಸೆದ. ಬುಸ್ಸೆಂದು ಜ್ವಾಲೆ ಎದ್ದಿತು.

"ಕೆಂಡಮ್ಮಾ, ನಿನ್ನ ಪಾಲು ಇಲ್ಲೇ ತಗೋ. ಮುನಿಸಿದ್ರೆ ನನ್ನ ಮೇಲಿರ್ಲಿ, ಹುಡುಗಿ ಮೇಲೆ ಬೇಡ," ಎಂದ. ಆಮೇಲೆ ಸುಡದೆ ಉಳಿದ ಬಲಗೈ ಹೆಬ್ಬೆರಳಿನಿಂದ ಐದು ಬಾಯಿಗೂ ತಾನೇ ಮೇಣ ಒತ್ತಿದ.

ಮಾಳವ್ವ ಪರೀಕ್ಷಿಸಿದಳು. ಢಂ. ಟಕ್. ಢಂ. ಟಕ್. ಒಂದಾದ ಮೇಲೊಂದು, ಸಾಲಾಗಿ, ಐದು! ಮಾವ ಸೊಸೆ ಇಬ್ಬರೂ ಮಕ್ಕಳಂತೆ ನಕ್ಕರು. ಮತ್ತೆ ಐದು ಗೂಡನ್ನೂ ತುಂಬಿ, ಮೇಣ ಒತ್ತಿ, ಅವಳು ಹೊರಟಾಗ ಮೊದಲ ಮಳೆಯ ಹನಿಗಳು ಅಂಗಳದ ಧೂಳಿನ ಮೇಲೆ ಬೀಳುತ್ತಿದ್ದವು.

ಕಣಿವೆಯಲ್ಲಿ ಮಳೆ ಮೊದಲೇ ಶುರುವಾಗಿತ್ತು, ಕಲ್ಲುಗಳ ಪಾದದ ಹತ್ತಿರ ಆಗಲೇ ತೆಳುವಾಗಿ ಹಸಿರು ಕಾಣುತ್ತಿತ್ತು. ಮಾಳವ್ವ ಬತ್ತಿಯ ತುದಿಗೆ ಸೆರಗು ಮರೆಮಾಡಿಕೊಂಡು ನಿಂತಳು.

"ಬಂದೆಯಾ?" ಎಂದಿತು ಹುಲಿ.

"ಬಂದೆ."

"ಹೊಡೆ."

ಢಂ! ಹಣೆಯ ದೀಪ ಆರಿತು.

ಬಂಡೆಯ ಮೇಲೆ ಬೂದಿರಾಯ ಎಲೆಗೆ ಸುಣ್ಣ ಹಚ್ಚಲು ಶುರುಮಾಡಿದ. ಹೇಗೂ ಬಿಡುವಿದೆಯಲ್ಲ! "ತುಂಬು ತಾಯಿ, ತುಂಬು. ನಿಧಾನಕ್ಕೆ ತುಂಬು," ಎಂದ.

ಟಕ್. ಢಂ! ಕೊರಳಿನ ದೀಪ ಆರಿತು. ಬೂದಿರಾಯನ ಗಂಟಲಿಂದ ಸ್ವರವೇ ಹೊರಡದಾಯಿತು.

ಟಕ್. ಢಂ! ಎದೆಯ ದೀಪ ಆರಿತು. ಬೂದಿರಾಯ ಎದೆ ಹಿಡಿದುಕೊಂಡು ಕೂತ. ಆಗ ಮಾಳವ್ವನಿಗೆ ಗುಟ್ಟು ತಿಳಿಯಿತು. ಆ ದೀಪಗಳು ಹುಲಿಯವಲ್ಲ. ಮಾಯಾವಿ ತನ್ನ ಪಂಚಪ್ರಾಣವನ್ನೇ ಬಿಡಿಸಿ ಹುಲಿಯ ಮೈಯಲ್ಲಿ ಹಚ್ಚಿಟ್ಟಿದ್ದ.

ಟಕ್. ಢಂ! ಹೊಟ್ಟೆಯ ದೀಪ ಆರಿತು. ಇನ್ನು ಉಳಿದದ್ದು ಒಂದೇ, ಬಾಲದ ಬುಡದ್ದು. ಆದರೆ ಹುಲಿ ಅವಳಿಗೆ ಎದುರಾಗಿ ನಿಂತಿತ್ತು, ಬಾಲ ಕಾಣುತ್ತಿರಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ ಮಸಿ ಕಟ್ಟಿ ರಾಟೆ ತಿರುಗದೆ ಹೋಯಿತು. ಹಣೆಯಲ್ಲಿ ಸಣ್ಣ ಕಿಡಿ ಮತ್ತೆ ಮೂಡುತ್ತಿತ್ತು. ಬೂದಿರಾಯ ಕೈಬೀಸಿದ. ಹುಲಿ ಎಗರಿತು.

ಮಾಳವ್ವ ಥಟ್ಟನೆ ಕೂತಳು. ಹುಲಿ ಅವಳ ತಲೆಯ ಮೇಲಿಂದ ಹಾರಿ ಹಿಂದೆ ಹೋಗಿ ಬಿತ್ತು. ಅವಳು ಅಂಗೈಯಿಂದ ರಾಟೆಗೆ ಬಲವಾಗಿ ಗುದ್ದಿದಳು. ಬಳೆಗಳು ಒಡೆದವು, ರಾಟೆ ಟಕ್ ಎಂದಿತು. ಕೂತಲ್ಲೇ ತಿರುಗಿ ಮುಚ್ಚಳ ಸರಿಸಿದಳು. ಹುಲಿ ಇನ್ನೂ ಮುಖ ತಿರುಗಿಸಿರಲಿಲ್ಲ, ಬಾಲದ ಬುಡದ ದೀಪ ಎದುರಿಗೇ ಇತ್ತು.

ಢಂ!

ಬಂಡೆಯ ಮೇಲೆ ಬೂದಿರಾಯ ಇದ್ದ ಜಾಗದಲ್ಲಿ ಒಂದು ಹಿಡಿ ಬೂದಿ ಇತ್ತು. ಮಳೆ ಅದನ್ನು ತೊಳೆದುಕೊಂಡು ಹೋಯಿತು.

ಹುಲಿ ಮಾತ್ರ ಅಲ್ಲೇ ಉಳಿಯಿತು. ಅದರ ಸ್ವಂತ ಪ್ರಾಣ ಅದಕ್ಕಿತ್ತಲ್ಲ. ಈಗ ಅದು ಬರೀ ಹುಲಿ, ಕಾವಲೂ ಇಲ್ಲ, ಕಟ್ಟೂ ಇಲ್ಲ. ಮಾಳವ್ವನ ಕೋವಿಯಲ್ಲಿ ಒಂದು ಗುಂಡೂ ಇರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮಾಳವ್ವ ರಾಟೆಯನ್ನು ಇನ್ನೊಮ್ಮೆ ತಿರುಗಿಸಿದಳು. ಟಕ್. ಆ ಸದ್ದು ಕೇಳಿದ್ದೇ ತಡ, ಹುಲಿ ಬಾಲ ಮಡಚಿಕೊಂಡು ಕಾಡಿನೊಳಗೆ ಓಡಿತು. ಮತ್ತೆ ಆ ಕಡೆ ಬರಲಿಲ್ಲ.

ಕಲ್ಲುಗಳು ಒಂದೊಂದಾಗಿ ಸೀನಿದವು, ಕೆಮ್ಮಿದವು, ಮೈ ಮುರಿದವು. ಮಾಳವ್ವ ಜನರ ನಡುವೆ ನುಗ್ಗಿ ಗಂಡನ ಮುಂದೆ ನಿಂತಳು. ಬೊಮ್ಮಾಚಾರಿಯ ಕಣ್ಣು ತೆರೆಯಿತು. ಅವನಿಗೆ ಕಾಲ ಕಳೆದದ್ದು ಗೊತ್ತೇ ಇರಲಿಲ್ಲ. ಗಜ ಎತ್ತಿ, "ಸರಿ ಮಾಳಿ, ಪಕ್ಕಕ್ಕೆ ಸರಿ! ಇನ್ನೊಂದು ಗುಂಡು ತುಂಬಬೇಕು," ಎಂದ.

"ತುಂಬಬೇಡಿ," ಎಂದಳು ಮಾಳವ್ವ. "ಮುಗೀತು."

"ಯಾರು ಹೊಡೆದದ್ದು?"

"ನಾನೇ."

"ಕೋವಿ ಯಾರು ಮಾಡಿದ್ದು?"

"ನಾನೂ ಮಾವಯ್ಯನೂ."

ಇಷ್ಟು ಹೇಳಿದ್ದೇ, ಸುದ್ದಿ ಬಂದ ದಿನ ಬಾರದಿದ್ದ ಅಳು ಒಟ್ಟಿಗೇ ಬಂತು. ಬೊಮ್ಮಾಚಾರಿ ಗಾಬರಿಯಾಗಿ ಅವಳ ಮುಖ ಹಿಡಿದ. ಅವನ ಕೈಗಳು ಇನ್ನೂ ಕಲ್ಲಿನಷ್ಟೇ ತಣ್ಣಗಿದ್ದವು, ಬೆರಳು ಸರಿಯಾಗಿ ಮಡಚುತ್ತಿರಲಿಲ್ಲ. ಮಾಳವ್ವ ಕಣ್ಣೊರೆಸಿಕೊಂಡು ಆ ಎರಡು ಕೈಗಳನ್ನೂ ಹಿಡಿದು, ಐದು ಗುಂಡು ಹಾರಿಸಿ ಬಿಸಿಯಾಗಿದ್ದ ಕೋವಿಯ ರಾಟೆಯ ಸುತ್ತ ಇರಿಸಿ, ಮೇಲೆ ತನ್ನ ಕೈ ಮುಚ್ಚಿದಳು.

ಅಷ್ಟರಲ್ಲಿ ದೊರೆ ಪಲ್ಲಕ್ಕಿಯಲ್ಲಿ ಬಂದಿಳಿದ. ಗುಂಡಿನ ಸದ್ದು ಐದು ಸಲ ಸಾಲಾಗಿ ಕೇಳಿದಾಗಲೇ ಅವನಿಗೆ ಧೈರ್ಯ ಬಂದಿತ್ತು.

"ಭಲೆ ಮಾಳವ್ವ! ಎಲ್ಲಿ, ಆ ಕೋವಿ ಕೊಡು ಇಲ್ಲಿ. ನನ್ನ ಕೈಯಲ್ಲಿ ಹಿಡಿದು ನೋಡಬೇಕು. ಇಂಥವು ನೂರು ಮಾಡಿಸುತ್ತೇನೆ!"

ಮಾಳವ್ವ ಕೈ ತೆಗೆಯಲಿಲ್ಲ.

"ಕೊಡ್ತೀನಿ ಬುದ್ಧೀ," ಎಂದಳು. "ಸ್ವಲ್ಪ ತಡೀಬೇಕು. ಇದರ ಬಿಸಿ ಇರೋವರೆಗೂ ನಮ್ಮನೆಯವರ ಕೈಲಿರ್ಲಿ."

ಮಂತ್ರಿಗಳು ಹೌಹಾರಿದರು. ದೊರೆಗೆ ಹೀಗೆ ಯಾರೂ ಹೇಳಿರಲಿಲ್ಲ. ದೊರೆ ಸಿಡುಕಲು ಬಾಯಿ ತೆರೆದ. ಆದರೆ ಬೊಮ್ಮಾಚಾರಿಯ ಬೆರಳುಗಳು ಆಗ ತಾನೇ ಒಂದೊಂದಾಗಿ ಮಡಚುತ್ತಿದ್ದವು, ಅದನ್ನು ನೋಡಿ ಬಾಯಿ ಮುಚ್ಚಿಕೊಂಡ. ಛತ್ರಿ ಹಿಡಿದವನನ್ನು ಕರೆದು ಛತ್ರಿಯನ್ನು ಆ ಗಂಡಹೆಂಡಿರ ಮೇಲೆ ಹಿಡಿಸಿ, ತಾನು ಮಳೆಯಲ್ಲಿ ನಿಂತು ಕಾದ.

ಆಮೇಲೆ ದಾರಿ ತೆರೆಯಿತು, ಉಪ್ಪಿನ ಎತ್ತುಗಳು ಗಂಟೆ ಕುಣಿಸುತ್ತ ಬಂದವು, ಮನೆಮನೆಯ ಸಾರಿಗೂ ರುಚಿ ಬಂತು. ಕಲ್ಲಾಗಿದ್ದವರೆಲ್ಲ ತಂತಮ್ಮ ಹೆಂಡಿರು ಮಕ್ಕಳೊಡನೆ ಸುಖವಾಗಿ ಬಾಳಿದರು. ದೊರೆಗೂ ಕೋವಿ ಸಿಕ್ಕಿತು. ಆದರೆ ಅದು ಅವನ ಕೈಗೆ ಬರುವ ಹೊತ್ತಿಗೆ ಪೂರ್ತಿ ತಣ್ಣಗಾಗಿತ್ತು, ಬೊಮ್ಮಾಚಾರಿಯ ಕೈ ಬೆಚ್ಚಗಾಗಿತ್ತು.